ಹುಳ ಬಯಸಿದ್ದು, ಕರುಳು ಒಲ್ಲೆನೆಂದದ್ದು

ನಾಲ್ಕನೇ ಜ್ವರದಿಂದ, ಅಂದರೆ ಚರ್ಮ ಕಳಚುವ ನಿದ್ದೆಯಿಂದ, ಎದ್ದ ರೇಷ್ಮೆಹುಳದ ಮುಂದೆ ಸೊಪ್ಪು ಹರಡಿದರೆ ಅದು ತಕ್ಷಣ ಮೇಯಲು ತೊಡಗುವುದಿಲ್ಲ. ತಲೆ ಎತ್ತಿ ಅತ್ತಿತ್ತ ಆಡಿಸುತ್ತದೆ, ಎಲೆಯ ಅಂಚನ್ನು ಮುಟ್ಟುತ್ತದೆ, ಒಂದು ಚೂರು ಕಚ್ಚಿ ನೋಡುತ್ತದೆ. ಒಪ್ಪಿಗೆಯಾದರೆ ಅಂಚಿನಿಂದ ಕೊರೆಯಲು ಶುರು ಮಾಡುತ್ತದೆ. ಆಮೇಲೆ ಅದಕ್ಕೆ ಬಿಡುವೆಂಬುದಿಲ್ಲ. ದಿಬ್ಬೂರಹಳ್ಳಿಯ ಕಡೆ ಹುಳ ಸಾಕುವ ಮನೆಗಳಲ್ಲಿ ಈ ಕೊನೆಯ ವಾರ ಯಾರಿಗೂ ಸರಿಯಾದ ನಿದ್ದೆಯಿಲ್ಲ. ಒಂದು ಬೆಳೆ ತಿನ್ನುವ ಸೊಪ್ಪಿನಲ್ಲಿ ಶೇ 80ಕ್ಕೂ ಹೆಚ್ಚು ಈ ಐದನೇ ಹಂತದಲ್ಲೇ ಮುಗಿಯುತ್ತದೆ. ಮೊಟ್ಟೆಯಿಂದ ಈಚೆ ಬಂದಾಗ ಕೂದಲಿನಷ್ಟು ಸಣ್ಣಗಿದ್ದ ಜೀವ ಸುಮಾರು 25 ದಿನಗಳಲ್ಲಿ ತನ್ನ ತೂಕವನ್ನು 10,000 ಪಟ್ಟು ಹೆಚ್ಚಿಸಿಕೊಂಡು, ಹಣ್ಣಾಗಿ, ಚಂದ್ರಿಕೆಯೆಂಬ ತಟ್ಟಿ ಹತ್ತಿ, ತನ್ನ ಸುತ್ತ ತಾನೇ ಗೂಡು ಕಟ್ಟಿಕೊಳ್ಳುತ್ತದೆ. ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ಈ ಸೀಮೆಯಲ್ಲಿ, ಆಳದ ಕೊಳವೆಬಾವಿಯಿಂದ ಬಂದ ನೀರಿನಲ್ಲಿ ಚಿಗುರಿದ ಹಿಪ್ಪುನೇರಳೆ, ಮೊಟ್ಟೆಯೊಡೆದ ಒಂದು ತಿಂಗಳಿಗೆಲ್ಲ ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಗೂಡಾಗಿ ಹರಾಜಿಗೆ ಬರುವುದನ್ನು ನಮ್ಮ ಜನ ತಲೆಮಾರುಗಳಿಂದ ನೋಡಿದ್ದಾರೆ. ನೋಡಿ ನೋಡಿ ಅಭ್ಯಾಸವಾದದ್ದರಲ್ಲಿ ಬೆರಗು ಉಳಿಯುವುದು ಕಷ್ಟ. ಆದರೂ ಆ ಮೊದಲ ಕಚ್ಚಿನ ಹತ್ತಿರ ನನ್ನ ಮನಸ್ಸು ನಿಲ್ಲುತ್ತದೆ. ಅಷ್ಟು ಚಿಕ್ಕ ಬಾಯಿ ಅಲ್ಲಿ ಏನನ್ನು ಪರೀಕ್ಷೆ ಮಾಡುತ್ತಿದೆ?

ಜಪಾನಿನ ಹಮಮುರ ಮತ್ತು ಅವರ ಸಂಗಡಿಗರು 1960ರ ದಶಕದ ಆರಂಭದಲ್ಲಿ ಇದೇ ಪ್ರಶ್ನೆಯ ಬೆನ್ನು ಹತ್ತಿದ್ದರು. ಹಿಪ್ಪುನೇರಳೆ ಎಲೆಯಲ್ಲಿ ಇರುವುದನ್ನೆಲ್ಲ ಒಂದೊಂದಾಗಿ ಬೇರ್ಪಡಿಸಿ ಹುಳದ ಮುಂದಿಟ್ಟು ನೋಡಿದರು. ಹುಳವನ್ನು ದೂರದಿಂದ ಕರೆಯುವ ಪರಿಮಳ ಬೇರೆ, ಕಚ್ಚಲು ಪ್ರೇರೇಪಿಸುವ ವಸ್ತು ಬೇರೆ, ಕಚ್ಚಿದ್ದನ್ನು ನುಂಗುತ್ತ ಹೋಗುವಂತೆ ಮಾಡುವುದು ಬೇರೆ ಎಂದು ಅವರಿಗೆ ಗೊತ್ತಾಯಿತು. ಕಚ್ಚಿಸುವ ವಸ್ತುಗಳ ಸಾಲಿನಲ್ಲಿ ಒಂದು ಬೀಟಾ ಸಿಟೊಸ್ಟೆರಾಲ್. ಇದು ಹಿಪ್ಪುನೇರಳೆಯ ಸ್ವಂತ ಆಸ್ತಿಯೇನಲ್ಲ. ಗಿಡಗಳು ತಮ್ಮ ಜೀವಕೋಶಗಳ ಪೊರೆಯನ್ನು ಬಿಗಿಯಾಗಿಡಲು ಬಳಸುವ ಫೈಟೊಸ್ಟೆರಾಲ್ ಎಂಬ ಕುಟುಂಬದಲ್ಲಿ ಎಲ್ಲಕ್ಕಿಂತ ಹೆಚ್ಚು ಸಿಗುವ ಸದಸ್ಯ ಇದು. ನಮ್ಮ ಪೊರೆಗಳಲ್ಲಿ ಅದೇ ಕೆಲಸವನ್ನು ಕೊಲೆಸ್ಟರಾಲ್ ಮಾಡುತ್ತದೆ. ಎರಡರ ಅಚ್ಚು ಹೆಚ್ಚೂ ಕಡಿಮೆ ಒಂದೇ. ಕೊಲೆಸ್ಟರಾಲಿನಲ್ಲಿ 27 ಇಂಗಾಲದ ಪರಮಾಣುಗಳು, ಸಿಟೊಸ್ಟೆರಾಲಿನಲ್ಲಿ 29. ಬಾಲದಲ್ಲಿ ಎರಡು ಇಂಗಾಲ ಹೆಚ್ಚು, ಅಷ್ಟೇ.

ಹುಳ ಇದನ್ನೇ ಹುಡುಕುವುದಕ್ಕೆ ಆಳವಾದ ಕಾರಣವಿದೆ. ಯಾವ ಕೀಟಕ್ಕೂ ಕೊಲೆಸ್ಟರಾಲನ್ನು ಬುಡದಿಂದ ತಾನೇ ಕಟ್ಟಿಕೊಳ್ಳುವ ಶಕ್ತಿಯಿಲ್ಲ. ಹೊರಗಿನಿಂದ ಸ್ಟೆರಾಲ್ ಬರಲೇಬೇಕು. ಸೊಪ್ಪು ತಿನ್ನುವ ಹುಳಕ್ಕೆ ಸಿಗುವುದು ಸಸ್ಯದ ಸ್ಟೆರಾಲ್ ಮಾತ್ರ. ಅದನ್ನು ಒಳಗೆ ತೆಗೆದುಕೊಂಡ ರೇಷ್ಮೆಹುಳ ಬಾಲದ ಆ ಎರಡು ಹೆಚ್ಚುವರಿ ಇಂಗಾಲಗಳನ್ನು ಹಂತ ಹಂತವಾಗಿ ಕಳಚಿ ಕೊಲೆಸ್ಟರಾಲ್ ಮಾಡಿಕೊಳ್ಳುತ್ತದೆ. ಸ್ಟೆರಾಲ್ ಇಲ್ಲದ ಕೃತಕ ಆಹಾರ ಕೊಟ್ಟರೆ ಅದು ಬೆಳೆಯುವುದಿಲ್ಲ. ಬೆಳೆಯದಿರುವುದಷ್ಟೇ ಅಲ್ಲ, ಜ್ವರಕ್ಕೂ ಹೋಗಲಾರದು. ಏಕೆಂದರೆ ಹಳೆಯ ಚರ್ಮ ಕಳಚಲು ಅಪ್ಪಣೆ ಕೊಡುವ ಹಾರ್ಮೋನು, ಎಕ್ಡೈಸೋನ್, ತಯಾರಾಗುವುದೂ ಕೊಲೆಸ್ಟರಾಲಿನಿಂದಲೇ.

ಎಕ್ಡೈಸೋನ್ ಸಿಕ್ಕಿದ ಕಥೆ ಶಿಡ್ಲಘಟ್ಟದವರಿಗೆ ಹತ್ತಿರವಾಗಬೇಕು. ಅಲ್ಲಿನ ನೂಲು ಬಿಚ್ಚುವ ಘಟಕಗಳ ಓಣಿಗಳಲ್ಲಿ ನಡೆದವರಿಗೆ ಬೆಂದ ಪ್ಯೂಪದ ವಾಸನೆ ಗೊತ್ತಿರುತ್ತದೆ. ಜರ್ಮನಿಯ ಅಡಾಲ್ಫ್ ಬುಟೆನಾಂಟ್ ಮತ್ತು ಪೀಟರ್ ಕಾರ್ಲ್‌ಸನ್ 1954ರಲ್ಲಿ ಇಂಥದೇ ರೇಷ್ಮೆ ಪ್ಯೂಪಗಳನ್ನು 500 ಕಿಲೋ ರಾಶಿ ಹಾಕಿಕೊಂಡು, ಅರೆದು, ಸೋಸಿ, ಕೊನೆಗೆ ಹರಳಿನ ರೂಪದಲ್ಲಿ ಪಡೆದದ್ದು 25 ಮಿಲಿಗ್ರಾಂ. ಅರ್ಧ ಟನ್ನಿನಿಂದ ಒಂದು ಚಿಟಿಕೆಗೂ ಕಡಿಮೆ. ಆ ಚೂರಿನ ಹಿಂದೆ ಹೋದರೆ ಕೊಲೆಸ್ಟರಾಲ್, ಅದರ ಹಿಂದೆ ಸಿಟೊಸ್ಟೆರಾಲ್, ಅದರ ಹಿಂದೆ ಒಂದು ಹಸಿರು ಎಲೆ. ನಾಲ್ಕು ಜ್ವರಗಳನ್ನೂ ಗೂಡಿನೊಳಗಿನ ಆ ಮಹಾ ಬದಲಾವಣೆಯನ್ನೂ ನಡೆಸುವುದು ಗಿಡದಿಂದ ಸಾಲವಾಗಿ ಬಂದ ಒಂದು ಕಣ ಎಂದು ತಿಳಿದ ಮೇಲೆ, ತಟ್ಟೆಯಲ್ಲಿ ತಲೆ ಎತ್ತಿ ಅಲ್ಲಾಡದೆ ಜ್ವರದಲ್ಲಿರುವ ಹುಳುಗಳ ಮುಂದೆ ನನಗೆ ದನಿ ತಗ್ಗಿಸಿ ಮಾತಾಡಬೇಕೆನಿಸುತ್ತದೆ.

ಇನ್ನು ನಮ್ಮ ತಟ್ಟೆಗೆ ಬರೋಣ. ರಾಗಿ ಮುದ್ದೆ, ಅವರೆಕಾಳಿನ ಸಾರು, ಸೊಪ್ಪಿನ ಬಸ್ಸಾರು, ಕಡಲೆಕಾಯಿ ಚಟ್ನಿ, ಹುಚ್ಚೆಳ್ಳಿನ ಪುಡಿ, ಒಗ್ಗರಣೆಗೆ ಕಡಲೆಕಾಯಿ ಎಣ್ಣೆ. ಇವೆಲ್ಲದರಲ್ಲೂ ಹುಳ ಹುಡುಕುವ ಅದೇ ವಸ್ತು ಇದೆ; ಕಾಳು, ಬೀಜ, ಎಣ್ಣೆಗಳಲ್ಲಂತೂ ಹೆಚ್ಚಾಗಿಯೇ ಇದೆ. ಸಾಮಾನ್ಯ ಊಟದಲ್ಲಿ ಮನುಷ್ಯನೊಬ್ಬ ದಿನಕ್ಕೆ 200ರಿಂದ 400 ಮಿಲಿಗ್ರಾಂ ಫೈಟೊಸ್ಟೆರಾಲ್ ತಿನ್ನುತ್ತಾನೆ, ಸಸ್ಯಾಹಾರಿಗಳು ಇನ್ನೂ ಹೆಚ್ಚು. ಹಾಗಿದ್ದರೂ ರಕ್ತದಲ್ಲಿ ಹುಡುಕಿದರೆ ಅದು ಕಾಣುವುದು ಅತ್ಯಲ್ಪ. ತಿಂದ ಕೊಲೆಸ್ಟರಾಲಿನಲ್ಲಿ ಸುಮಾರು ಅರ್ಧದಷ್ಟನ್ನು ನಮ್ಮ ಕರುಳು ಒಳಗೆ ಬಿಟ್ಟುಕೊಳ್ಳುತ್ತದೆ. ಸಿಟೊಸ್ಟೆರಾಲಿನಲ್ಲಿ ಬಿಟ್ಟುಕೊಳ್ಳುವುದು ಶೇ 5ಕ್ಕೂ ಕಡಿಮೆ.

ಬಾಲದಲ್ಲಿರುವ ಎರಡು ಇಂಗಾಲದ ವ್ಯತ್ಯಾಸವನ್ನು ಕರುಳು ಹೇಗೆ ಗುರುತಿಸುತ್ತದೆ? ಮೊದಲು ಅದು ಎರಡನ್ನೂ ಒಳಗೆಳೆದುಕೊಳ್ಳುತ್ತದೆ. ಸಣ್ಣ ಕರುಳಿನ ಒಳಗೋಡೆಯ ಕೋಶಗಳಲ್ಲಿ ಎನ್‌ಪಿಸಿ1ಎಲ್1 ಎಂಬ ಪ್ರೋಟೀನು ಇದೆ, ಸ್ಟೆರಾಲ್‌ಗಳನ್ನು ಕೋಶದೊಳಗೆ ತರುವುದು ಅದರ ಕೆಲಸ. ಒಳಗೆ ಬಂದ ಮೇಲೆ ಎಬಿಸಿಜಿ5, ಎಬಿಸಿಜಿ8 ಎಂಬ ಇನ್ನೆರಡು ಪ್ರೋಟೀನುಗಳು ಜೊತೆಗೂಡಿ ಸಸ್ಯದ ಸ್ಟೆರಾಲನ್ನು ಕರುಳಿನ ಪೊಳ್ಳಿಗೆ ಮರಳಿ ನೂಕುತ್ತವೆ. ಕಣದಲ್ಲಿ ರಾಗಿ ತೂರುವಾಗ ಕಾಳೂ ಹೊಟ್ಟೂ ಒಂದೇ ಮೊರದಿಂದ ಬಿದ್ದು, ಹೊಟ್ಟು ಗಾಳಿಯ ಪಾಲಾಗಿ ಕಾಳು ಕಾಲಬುಡದಲ್ಲಿ ರಾಶಿಯಾಗುವುದನ್ನು ನೋಡಿದವರಿಗೆ ಈ ಕೆಲಸ ಸುಲಭವಾಗಿ ಅರ್ಥವಾಗುತ್ತದೆ. ಹೀಗೆ ತೂರಿದ ಮೇಲೂ ಕಣ್ತಪ್ಪಿಸಿ ರಕ್ತ ಸೇರಿದ ಅಷ್ಟಿಷ್ಟನ್ನು ಯಕೃತ್ತಿನಲ್ಲಿ ಇದೇ ಜೋಡಿ ಪ್ರೋಟೀನುಗಳು ಹಿಡಿದು ಪಿತ್ತರಸದ ಮೂಲಕ ಹೊರಹಾಕುತ್ತವೆ. ಪ್ರತಿ ಊಟಕ್ಕೂ, ಹುಟ್ಟಿದಾಗಿನಿಂದ ಕೊನೆಯವರೆಗೆ, ನಮಗೆ ಸುಳಿವೇ ಇಲ್ಲದಂತೆ ಈ ಕೆಲಸ ಸಾಗುತ್ತದೆ.

ಹುಳ ಜೀವವನ್ನೇ ಒತ್ತೆಯಿಟ್ಟು ಹುಡುಕುವುದನ್ನು ನಮ್ಮ ದೇಹ ಇಷ್ಟು ಹಟದಿಂದ ತಿರಸ್ಕರಿಸುತ್ತದೆ. ನಮ್ಮ ಕೋಶಗಳು ತಮಗೆ ಬೇಕಾದ ಕೊಲೆಸ್ಟರಾಲನ್ನು ತಾವೇ ಮಾಡಿಕೊಳ್ಳಬಲ್ಲವು, ಗಿಡದ ಸ್ಟೆರಾಲಿನ ಹಂಗು ಅವಕ್ಕಿಲ್ಲ. ಹಂಗಿಲ್ಲ ಎನ್ನುವುದು ಸರಿ. ಆದರೆ ಇಷ್ಟು ಕಾವಲು ಯಾಕೆ? ಅದಕ್ಕೆ ಉತ್ತರ ಸಿಕ್ಕಿದ್ದು ಕಾವಲು ತಪ್ಪಿದ ಇಬ್ಬರು ಅಕ್ಕತಂಗಿಯರಿಂದ.

1974ರಲ್ಲಿ ಅಮೆರಿಕದಲ್ಲಿ ಎ.ಕೆ. ಭಟ್ಟಾಚಾರ್ಯ ಮತ್ತು ವಿಲಿಯಂ ಕಾನರ್ ಎಂಬ ವಿಜ್ಞಾನಿಗಳು ಇಬ್ಬರು ಸೋದರಿಯರ ಬಗ್ಗೆ ವರದಿ ಮಾಡಿದರು. ಅವರ ಸ್ನಾಯುರಜ್ಜುಗಳ ಮೇಲೆ ಕೊಬ್ಬಿನ ಗಂಟುಗಳು ಎದ್ದಿದ್ದವು. ಅಂಥ ಗಂಟುಗಳು ಬಂದರೆ ರಕ್ತದಲ್ಲಿ ಕೊಲೆಸ್ಟರಾಲ್ ವಿಪರೀತವಾಗಿರಬೇಕು. ಆದರೆ ಇವರಲ್ಲಿ ಅದು ಮಾಮೂಲಿಯಾಗಿತ್ತು. ಇನ್ನಷ್ಟು ಹುಡುಕಿದಾಗ ರಕ್ತದಲ್ಲೂ ಗಂಟುಗಳಲ್ಲೂ ಸಿಕ್ಕಿದ್ದು ಗಿಡಗಳ ಸ್ಟೆರಾಲ್. ಎಲ್ಲರೂ ತಿನ್ನುವುದನ್ನೇ ತಿಂದ ಆ ಹೆಣ್ಣುಮಕ್ಕಳ ಮೈಯಲ್ಲಿ, ಎಲ್ಲರ ಕರುಳೂ ಹೊರಹಾಕುವ ವಸ್ತು ವರ್ಷಗಟ್ಟಲೆ ಕೂಡಿಕೊಂಡಿತ್ತು. ಸಿಟೊಸ್ಟೆರಾಲೀಮಿಯ ಎಂದು ಕರೆಯುವ ಈ ಅಪರೂಪದ ಕಾಯಿಲೆಯಲ್ಲಿ ರಕ್ತದ ಸಸ್ಯ ಸ್ಟೆರಾಲ್ ಮಾಮೂಲಿಗಿಂತ ಹತ್ತಾರು ಪಟ್ಟು ಏರಿರುತ್ತದೆ. ರಕ್ತನಾಳಗಳು ಬೇಗ ಕಟ್ಟಿಕೊಳ್ಳುತ್ತವೆ. ಹದಿಹರೆಯದಲ್ಲೇ ಹೃದಯಾಘಾತವಾದ ಉದಾಹರಣೆಗಳು ವೈದ್ಯಕೀಯ ದಾಖಲೆಯಲ್ಲಿವೆ.

ತಪ್ಪು ಎಲ್ಲಿದೆ ಎಂದು ತಿಳಿಯಲು ಮತ್ತೆ 26 ವರ್ಷ ಬೇಕಾಯಿತು. 2000ದ ಕೊನೆಯಲ್ಲಿ ಡಲ್ಲಾಸಿನ ಹೆಲೆನ್ ಹಾಬ್ಸ್ ತಂಡ, ಅದರ ಬೆನ್ನಿಗೇ ಶೈಲೇಂದ್ರ ಪಟೇಲ್ ಅವರ ತಂಡ, ಎರಡನೆಯ ಕ್ರೋಮೊಸೋಮಿನಲ್ಲಿ ಒಂದಕ್ಕೊಂದು ಬೆನ್ನು ಮಾಡಿ ಅಂಟಿಕೊಂಡಂತಿರುವ ಎರಡು ವಂಶವಾಹಿಗಳನ್ನು ಗುರುತಿಸಿದವು. ಮೇಲೆ ಹೇಳಿದ ಆ ಜೋಡಿ ಪ್ರೋಟೀನುಗಳ ವಂಶವಾಹಿಗಳೇ ಅವು. ಅಪ್ಪನಿಂದ ಬಂದ ಪ್ರತಿ, ಅಮ್ಮನಿಂದ ಬಂದ ಪ್ರತಿ ಎರಡೂ ಕೆಟ್ಟಿದ್ದರೆ ಕಾಯಿಲೆ. ಎರಡರಲ್ಲಿ ಯಾವ ವಂಶವಾಹಿ ಕೆಟ್ಟರೂ ಫಲ ಒಂದೇ, ಏಕೆಂದರೆ ಒಂದು ಪ್ರೋಟೀನು ಇನ್ನೊಂದರ ಜೊತೆ ಇಲ್ಲದೆ ಕೆಲಸ ಮಾಡಲಾರದು.

ಇಷ್ಟಕ್ಕೇ ನಿಂತಿದ್ದರೆ ಇದು ಅಪರೂಪದ ಕಾಯಿಲೆಯೊಂದರ ಕಥೆಯಾಗುತ್ತಿತ್ತು. ಆದರೆ ವಂಶವಾಹಿ ಪೂರ್ತಿ ಕೆಡದೆ ಅಲ್ಲೊಂದು ಇಲ್ಲೊಂದು ಅಕ್ಷರ ಬದಲಾದವರು ಲೆಕ್ಕವಿಲ್ಲದಷ್ಟು ಜನ. ನನ್ನಲ್ಲಿ, ನಿಮ್ಮಲ್ಲಿ, ಸಂತೆಯಲ್ಲಿ ಪಕ್ಕ ನಿಂತವರಲ್ಲಿ ಈ ಜೋಡಿ ಕೊಂಚ ಚುರುಕಾಗಿಯೋ ಕೊಂಚ ಮಂದವಾಗಿಯೋ ಇರುತ್ತದೆ. ಅದರಿಂದ ಕಾಯಿಲೆಯೇನೂ ಕಾಣಿಸದು. ಒಂದೇ ಪಂಕ್ತಿಯಲ್ಲಿ ಕೂತು ಒಂದೇ ಊಟ ಮಾಡಿದ ಇಬ್ಬರಲ್ಲಿ ಒಬ್ಬರ ರಕ್ತಕ್ಕೆ ಗಿಡದ ಸ್ಟೆರಾಲ್ ತುಸು ಹೆಚ್ಚು ಸೇರುತ್ತದೆ, ಇನ್ನೊಬ್ಬರಿಗೆ ತುಸು ಕಡಿಮೆ. ಈ ತುಸುವಿನ ವ್ಯತ್ಯಾಸ ಐವತ್ತು ಅರವತ್ತು ವರ್ಷ ಸಾಗಿದರೆ ಹೃದಯಕ್ಕೆ ಏನಾದರೂ ಆಗುತ್ತದೆಯೇ?

ಈ ಪ್ರಶ್ನೆಯನ್ನು ಊಟದ ಲೆಕ್ಕದಿಂದ ಬಿಡಿಸಲು ಬರುವುದಿಲ್ಲ. ಕಾಳು ಸೊಪ್ಪು ಹೆಚ್ಚು ತಿನ್ನುವವರು ಬೇರೆ ಎಷ್ಟೋ ವಿಷಯಗಳಲ್ಲೂ ಬೇರೆಯಾಗಿರುತ್ತಾರೆ. ಅವರು ಹೊಲದಲ್ಲಿ ಮೈಮುರಿದು ದುಡಿಯುವವರಿರಬಹುದು, ಬೀಡಿ ಮುಟ್ಟದವರಿರಬಹುದು, ಕೈಯಲ್ಲಿ ಕಾಸಿಲ್ಲದೆ ಎಣ್ಣೆ ಕಡಿಮೆ ಮಾಡಿದವರಿರಬಹುದು. ಯಾವುದರಿಂದ ಯಾವುದಾಯಿತು ಎಂದು ಹೇಳುವುದು ಹೇಗೆ? ವಂಶವಾಹಿಯ ವಿಷಯ ಹಾಗಲ್ಲ. ತಂದೆ ತಾಯಿಯರ ಎರಡು ಪ್ರತಿಗಳಲ್ಲಿ ಮಗುವಿಗೆ ಯಾವುದು ಸಿಗುತ್ತದೆ ಎನ್ನುವುದು ಗರ್ಭ ಕಟ್ಟುವ ಗಳಿಗೆಯಲ್ಲಿ ತೀರ್ಮಾನವಾಗುತ್ತದೆ. ಅದು ಬೀಡಿ, ದುಡಿಮೆ, ಬಡತನ ಯಾವುದನ್ನೂ ಕೇಳುವುದಿಲ್ಲ. ಪ್ರಯೋಗಾಲಯದಲ್ಲಿ ಚೀಟಿ ಎತ್ತಿ ಜನರನ್ನು ಎರಡು ಗುಂಪು ಮಾಡಿದಂತೆ ನಿಸರ್ಗವೇ ಜನರನ್ನು ಗುಂಪು ಮಾಡಿ ಇಟ್ಟಿದೆ. ವಿಜ್ಞಾನಿಗಳು ಮಾಡಬೇಕಾದದ್ದು ಆ ಗುಂಪುಗಳನ್ನು ಗುರುತಿಸಿ, ಯಾರ ಹೃದಯ ಹೇಗಿದೆ ಎಂದು ನೋಡುವುದು. ಮಾರ್ಟೈನ್ ಕಟಾನ್ ಎಂಬ ಡಚ್ ವಿಜ್ಞಾನಿ 1986ರಲ್ಲಿ ಒಂದು ಪುಟ್ಟ ಪತ್ರದಲ್ಲಿ ಈ ಯೋಚನೆಯ ಬೀಜ ಬಿತ್ತಿದರು. ಮೆಂಡಲನ ನಿಯಮವೇ ಇದರ ಬೆನ್ನೆಲುಬಾದ್ದರಿಂದ ಇದನ್ನು ಮೆಂಡೇಲಿಯನ್ ರ‍್ಯಾಂಡಮೈಸೇಷನ್ ಎನ್ನುತ್ತಾರೆ.

ಇಲ್ಲಿ ರೇಷ್ಮೆಹುಳ ಮತ್ತೆ ಎದುರಾಗುತ್ತದೆ. ಮೆಂಡಲ್ ಬಟಾಣಿಯಲ್ಲಿ ಕಂಡ ನಿಯಮ ಪ್ರಾಣಿಗಳಿಗೂ ಅನ್ವಯಿಸುತ್ತದೆಂದು ಮೊದಮೊದಲು ತೋರಿಸಿದವರಲ್ಲಿ ಜಪಾನಿನ ಟೊಯಾಮ ಕಾಮೆತಾರೊ ಒಬ್ಬರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸಯಾಂ ದೇಶದಲ್ಲಿ ಕೆಲಸ ಮಾಡುತ್ತಿದ್ದಾಗ ಅವರು ಹಳದಿ ಗೂಡು ಕಟ್ಟುವ ಅಲ್ಲಿನ ಹುಳಕ್ಕೂ ಬಿಳಿ ಗೂಡು ಕಟ್ಟುವ ಜಪಾನಿನ ಹುಳಕ್ಕೂ ಸಂಕರ ಮಾಡಿದರು. ಮೊದಲ ಪೀಳಿಗೆಯಲ್ಲಿ ಎಲ್ಲ ಗೂಡುಗಳೂ ಹಳದಿ. ಅವುಗಳ ಮರಿಗಳಲ್ಲಿ ಮೂರು ಪಾಲು ಹಳದಿ, ಒಂದು ಪಾಲು ಬಿಳಿ. 1906ರಲ್ಲಿ ಅವರು ಇದನ್ನು ಪ್ರಕಟಿಸಿದರು, ಸಂಕರದ ಮೊದಲ ಪೀಳಿಗೆಯನ್ನೇ ರೈತರಿಗೆ ಕೊಡಿ ಎಂದೂ ಹೇಳಿದರು. ಇವತ್ತು ಮೈಸೂರು ತಳಿಯ ತಾಯಿಗೆ ಸಿಎಸ್‌ಆರ್2 ಎಂಬ ತಳಿಯ ತಂದೆಯನ್ನು ಕೂಡಿಸಿ ಮಾಡಿದ ಮಿಶ್ರತಳಿಯ ಚಾಕಿ (ಎಳೆಯ) ಹುಳ ನಮ್ಮ ಮನೆಗಳಿಗೆ ಬರುವುದು ಆ ದಾರಿಯಲ್ಲೇ.

ಗೂಡಿಗೆ ಆ ಹಳದಿ ಎಲ್ಲಿಂದ ಬಂತು? ಸೊಪ್ಪಿನಿಂದ. ಹಸಿರು ಎಲೆಯೊಳಗೆ ಅಡಗಿರುವ ಕ್ಯಾರೊಟಿನಾಯ್ಡ್ ಎಂಬ ಬಣ್ಣ ಹುಳದ ಕರುಳಿನಿಂದ ರಕ್ತಕ್ಕೆ, ರಕ್ತದಿಂದ ರೇಷ್ಮೆ ಗ್ರಂಥಿಗೆ ಸಾಗಿದರೆ ಗೂಡು ಹಳದಿಯಾಗುತ್ತದೆ. (ಹಸಿರು ಛಾಯೆಯ ಗೂಡುಗಳಿಗೆ ಬಣ್ಣ ಕೊಡುವುದು ಫ್ಲೇವನಾಯ್ಡ್, ಅದೂ ಸೊಪ್ಪಿನ ಕೃಪೆ.) ಬಿಳಿ ಗೂಡಿನ ಹುಳವೂ ಅದೇ ಸೊಪ್ಪು ತಿನ್ನುತ್ತದೆ, ಅದೇ ಬಣ್ಣ ಅದರ ಕರುಳಿಗೂ ಬರುತ್ತದೆ, ಆದರೆ ಬಣ್ಣವನ್ನು ಹಿಡಿದು ಒಳಗೆ ಸಾಗಿಸುವ ಪ್ರೋಟೀನು ಅದರಲ್ಲಿಲ್ಲ. ಜಪಾನಿನ ವಿಜ್ಞಾನಿಗಳು 2007ರಲ್ಲಿ ಹಳದಿ ರಕ್ತದ ವಂಶವಾಹಿ ಎಂದು ಹೆಸರಾಗಿದ್ದ ಜಾಗವನ್ನು ಬಿಡಿಸಿ ಈ ಪ್ರೋಟೀನನ್ನು ತೋರಿಸಿಕೊಟ್ಟರು. ಒಂದೇ ತೋಟದ ಸೊಪ್ಪು ತಿಂದ ಎರಡು ಹುಳ, ಎರಡು ಬಣ್ಣದ ಗೂಡು. ಆಹಾರದಲ್ಲಿರುವುದು ಒಳಗೆ ಹೋಗಬೇಕೇ ಬೇಡವೇ ಎಂದು ವಂಶವಾಹಿ ತೀರ್ಮಾನಿಸುವುದನ್ನು ಬರಿಗಣ್ಣಿನಿಂದ ನೋಡಬೇಕೆಂದರೆ ಶಿಡ್ಲಘಟ್ಟದ ಮಾರುಕಟ್ಟೆಗೆ ಹೋದರೆ ಸಾಕು. ಮಿಶ್ರತಳಿಯ ಹಳದಿ ರಾಶಿ ಒಂದು ಕಡೆ, ದ್ವಿತಳಿಯ ಬಿಳಿ ರಾಶಿ ಇನ್ನೊಂದು ಕಡೆ. ನಮ್ಮ ಒಳಗೆ ನಡೆಯುವುದೂ ಇಂಥದೇ, ಆದರೆ ನಮ್ಮ ಮೈ ಬಣ್ಣ ಬದಲಿಸಿ ಹೇಳುವುದಿಲ್ಲ. ರಕ್ತ ತೆಗೆದು ನೋಡಬೇಕು.

ನೋಡಿದರು. 2010ರಲ್ಲಿ ಜರ್ಮನಿಯ ಲೈಪ್‌ಜಿಗ್‌ನ ಡೇನಿಯಲ್ ಟ್ಯೂಪ್ಸರ್ ಮತ್ತು ಸಂಗಡಿಗರು, ರಕ್ತದ ಫೈಟೊಸ್ಟೆರಾಲನ್ನು ಹೆಚ್ಚಿಸುವ ವಂಶವಾಹಿ ರೂಪಗಳೇ ಹೃದಯದ ರಕ್ತನಾಳದ ಕಾಯಿಲೆಯ ಅಪಾಯವನ್ನೂ ಹೆಚ್ಚಿಸುತ್ತವೆ ಎಂದು ಕಂಡರು. ಅವರಿಗೆ ಸಿಕ್ಕಿದ ಎರಡು ಜಾಗಗಳಲ್ಲಿ ಒಂದು ಎಬಿಸಿಜಿ8. ಇನ್ನೊಂದು, ಯಾರೂ ಎಣಿಸದಿದ್ದದ್ದು, ನಮ್ಮ ಎ, ಬಿ, ಒ ರಕ್ತದ ಗುಂಪನ್ನು ನಿರ್ಧರಿಸುವ ವಂಶವಾಹಿ. ರಕ್ತದ ಗುಂಪಿಗೂ ತಿಂದ ಕಾಳಿಗೂ ಏನು ಸಂಬಂಧ ಎಂದು ಯೋಚಿಸಿದಷ್ಟೂ ಬೆರಗು ಹೆಚ್ಚುತ್ತದೆ. 2020ರಲ್ಲಿ ಐಸ್‌ಲೆಂಡ್‌ನ ಡಿಕೋಡ್ ಸಂಸ್ಥೆಯವರು ಐಸ್‌ಲೆಂಡ್, ಡೆನ್ಮಾರ್ಕ್, ಬ್ರಿಟನ್ನಿನ ಭಾರಿ ಸಂಖ್ಯೆಯ ಜನರ ಮಾಹಿತಿ ಕೂಡಿಸಿ ಎಬಿಸಿಜಿ ಜೋಡಿಯನ್ನು ಮತ್ತೆ ಪರಿಶೀಲಿಸಿದರು. ಜೋಡಿ ಮಂದವಾದವರಲ್ಲಿ ಕೊಲೆಸ್ಟರಾಲ್ ಹೆಚ್ಚು, ಹೃದಯದ ಅಪಾಯವೂ ಹೆಚ್ಚು, ಇದು ನಿರೀಕ್ಷಿತವೇ. ಆದರೆ ಏರಿದ ಕೊಲೆಸ್ಟರಾಲಿನಿಂದ ಎಷ್ಟು ಅಪಾಯ ಬರಬೇಕೋ ಅದಕ್ಕಿಂತ ಜಾಸ್ತಿ ಕಂಡಿತು. ಆ ಜಾಸ್ತಿಯ ಪಾಲು ಸಸ್ಯ ಸ್ಟೆರಾಲಿನದ್ದಿರಬಹುದು ಎಂದು ಅವರು ಸೂಚಿಸಿದರು. 2022ರಲ್ಲಿ ಯುರೋಪಿನ ಆರು ಅಧ್ಯಯನಗಳ 9,758 ಜನರ ಮಾಹಿತಿಯಿಂದ ಮತ್ತೊಂದು ತಂಡ ಇದನ್ನೇ ಇನ್ನೂ ಸ್ಪಷ್ಟವಾಗಿ ಹೇಳಿತು: ರಕ್ತ ಸೇರಿದ ಸಿಟೊಸ್ಟೆರಾಲ್ ಸ್ವಲ್ಪ ಮಟ್ಟಿಗೆ ಕೊಲೆಸ್ಟರಾಲಿನ ಮೂಲಕ, ಸ್ವಲ್ಪ ಮಟ್ಟಿಗೆ ನೇರವಾಗಿಯೇ ಹೃದಯದ ರಕ್ತನಾಳಗಳಿಗೆ ಕೇಡು ಮಾಡುತ್ತದೆ.

ಎದುರು ದಿಕ್ಕಿನಿಂದಲೂ ಸಾಕ್ಷಿ ಬಂದಿದೆ. ಸ್ಟೆರಾಲನ್ನು ಒಳಗೆ ತರುವ ಎನ್‌ಪಿಸಿ1ಎಲ್1 ಪ್ರೋಟೀನಿನ ಒಂದು ಪ್ರತಿ ಹುಟ್ಟಿನಿಂದಲೇ ಕೆಲಸ ಮಾಡದ ಜನ ಇದ್ದಾರೆ, ಸುಮಾರು 650ಕ್ಕೆ ಒಬ್ಬರಂತೆ. 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಂಥವರ ಹೃದಯಾಪಾಯ ಉಳಿದವರಿಗಿಂತ ಶೇ 53ರಷ್ಟು ಕಡಿಮೆ ಕಂಡಿತು. ವೈದ್ಯರು ಇಂದು ಬರೆಯುವ ಎಜೆಟಿಮೈಬ್ ಮಾತ್ರೆ ತಡೆಯುವುದು ಇದೇ ಪ್ರೋಟೀನನ್ನು. ಅದನ್ನು ಬಳಕೆಗೆ ತಂದದ್ದು 2002ರಲ್ಲಿ. ಅದು ಯಾವ ಪ್ರೋಟೀನಿನ ಮೇಲೆ ಕೆಲಸ ಮಾಡುತ್ತದೆ ಎಂದು ತಿಳಿದದ್ದು ಎರಡು ವರ್ಷ ಆದ ಮೇಲೆ.

ಒಳ್ಳೆಯದೆನ್ನುವುದಕ್ಕೂ ಒಂದು ಬೆಲೆಯಿದೆ. ಎಬಿಸಿಜಿ8ರ ಒಂದು ಸಾಮಾನ್ಯ ರೂಪ ಜೋಡಿಯನ್ನು ಹೆಚ್ಚು ಚುರುಕಾಗಿಸುತ್ತದೆ. ಅದನ್ನು ಪಡೆದವರ ರಕ್ತದಲ್ಲಿ ಸ್ಟೆರಾಲ್ ಕಡಿಮೆ. ಆದರೆ ಯಕೃತ್ತಿನಿಂದ ಪಿತ್ತರಸಕ್ಕೆ ಅಷ್ಟೂ ಕೊಲೆಸ್ಟರಾಲ್ ಸುರಿಯುವುದರಿಂದ ಅವರಿಗೆ ಪಿತ್ತಕೋಶದಲ್ಲಿ ಕಲ್ಲಾಗುವ ಸಂಭವ ಹೆಚ್ಚು. ಹೃದಯಕ್ಕೆ ಹಗುರಾದದ್ದು ಪಿತ್ತಕೋಶಕ್ಕೆ ಭಾರವಾಯಿತು. ಇಂಥ ಲೆಕ್ಕಾಚಾರವನ್ನು ನಮ್ಮೊಳಗೆ ಯಾರು ಕೂತು ಮಾಡಿದರು ಎಂದು ಕೇಳಲು ನನಗೆ ಬಾಯಿ ಬರುತ್ತದೆ. ಯಾರೂ ಕೂತಿಲ್ಲ, ಲಕ್ಷಾಂತರ ವರ್ಷಗಳ ಹುಟ್ಟು ಸಾವುಗಳು ಮಾತ್ರ ಇವೆ ಎಂಬ ಉತ್ತರ ಗೊತ್ತಿದ್ದೂ.

ಇಷ್ಟು ಓದಿದವರಿಗೆ ಭಯ ಹುಟ್ಟಬಾರದು; ಅದಕ್ಕಾಗಿ ಒಂದು ವಿಷಯವನ್ನು ಒತ್ತಿ ಹೇಳಬೇಕು. ಸಸ್ಯ ಸ್ಟೆರಾಲ್ ಕರುಳಿನಲ್ಲಿ ಇರುವುದು ಬೇರೆ, ರಕ್ತಕ್ಕೆ ಸೇರುವುದು ಬೇರೆ. ಕರುಳಿನಲ್ಲಿರುವಾಗ ಅದು ಕೊಲೆಸ್ಟರಾಲಿನ ಜೊತೆ ಜಾಗಕ್ಕಾಗಿ ಪೈಪೋಟಿ ನಡೆಸಿ ಅದನ್ನು ಒಳಗೆ ಹೋಗದಂತೆ ತಡೆಯುತ್ತದೆ. ಅದಕ್ಕಾಗಿಯೇ 1995ರಲ್ಲಿ ಫಿನ್‌ಲೆಂಡ್‌ನಲ್ಲಿ ಇದೇ ಕುಟುಂಬಕ್ಕೆ ಸೇರಿದ ಸ್ಟನಾಲನ್ನು ಬೆರೆಸಿದ ಬೆನೆಕಾಲ್ ಎಂಬ ಮಾರ್ಗರಿನ್ ಮಾರಾಟಕ್ಕೆ ಬಂತು. ದಿನಕ್ಕೆ 2 ಗ್ರಾಂ ತೆಗೆದುಕೊಂಡರೆ ಕೆಟ್ಟ ಕೊಲೆಸ್ಟರಾಲ್ ಸುಮಾರು ಶೇ 10ರವರೆಗೆ ಇಳಿಯುತ್ತದೆ. ಕಾಳು, ಸೊಪ್ಪು, ಕಡಲೆಕಾಯಿ ತಿನ್ನುವುದರಿಂದ ಹೃದಯಕ್ಕೆ ಒಳ್ಳೆಯದೇ ಆಗುತ್ತದೆ ಎಂಬುದಕ್ಕೆ ಬೇರೆ ದಿಕ್ಕುಗಳಿಂದ ಬೇಕಾದಷ್ಟು ಆಧಾರವಿದೆ. ವಂಶವಾಹಿಗಳ ಸಾಕ್ಷಿ ಹೇಳುವುದು ಊಟದ ಪ್ರಮಾಣದ ಬಗ್ಗೆ ಅಲ್ಲ, ಒಳಗೆ ಬಂದದ್ದನ್ನು ಹೊರಹಾಕುವ ಶಕ್ತಿಯ ಬಗ್ಗೆ. ಅದು ಕೂಡ ತೀರ್ಮಾನವಾಗಿ ಮುಗಿದ ವ್ಯಾಜ್ಯವಲ್ಲ. ರಕ್ತದ ಸಿಟೊಸ್ಟೆರಾಲ್ ಅಪರಾಧಿಯಲ್ಲ, ಕರುಳು ಕೊಲೆಸ್ಟರಾಲನ್ನು ಎಷ್ಟು ಹೀರುತ್ತದೆ ಎಂದು ತೋರಿಸುವ ಗುರುತು ಮಾತ್ರ ಎನ್ನುವ ವಿಜ್ಞಾನಿಗಳೂ ಇದ್ದಾರೆ. ನನ್ನ ಮನಸ್ಸು ಒಪ್ಪುವುದು ಇಷ್ಟನ್ನು: ಊಟ ಒಂದೇ ಇದ್ದರೂ ಉಂಡವರು ಒಂದೇ ಅಲ್ಲ. ಎಲ್ಲರಿಗೂ ಒಂದೇ ಪಥ್ಯ ಹೇಳುವ ಪುಡಿ, ಡಬ್ಬಿ, ಮಾತ್ರೆಗಳ ಜಾಹೀರಾತನ್ನು ನಂಬುವ ಮೊದಲು ಇದನ್ನು ನೆನೆಯಬೇಕು. ಸಸ್ಯ ಸ್ಟೆರಾಲಿನ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ನುಂಗುವುದು ಜಾಣತನವಲ್ಲ.

ನನಗೆ ನೋವಾಗುವುದು ಬೇರೊಂದು ಕಾರಣಕ್ಕೆ. ಈ ಎಲ್ಲ ಅಧ್ಯಯನಗಳಲ್ಲಿ ರಕ್ತ ಕೊಟ್ಟವರು ಹೆಚ್ಚು ಕಡಿಮೆ ಯುರೋಪಿನ ಮೂಲದವರು. ಹೃದಯದ ಕಾಯಿಲೆ ಬೇಗ ಬರುವುದು ನಮಗೆ. 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರೂ ಇದ್ದರು. ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತವಾಗುವ ಸರಾಸರಿ ವಯಸ್ಸು 53, ಉಳಿದವರಿಗೆ ಸುಮಾರು 59 ಎಂದು ಅದು ಕಂಡಿತು. ಆರು ವರ್ಷವೆಂದರೆ ಮಗಳ ಮದುವೆ, ಮಗನ ಓದು, ಕೊಳವೆಬಾವಿಯ ಸಾಲ ಎಲ್ಲ ಅದರೊಳಗೇ ಇರುತ್ತವೆ. ನಮ್ಮ ಸೀಮೆಗೆ ಇನ್ನೊಂದು ವಿಶೇಷವೂ ಇದೆ. ಅಕ್ಕನ ಮಗಳನ್ನು ತರುವುದು, ಸೋದರತ್ತೆಯ ಮಗನಿಗೆ ಕೊಡುವುದು ಇಲ್ಲಿ ಹಳೆಯ ರೂಢಿ. ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಅವರು ಅಲನ್ ಬಿಟಲ್ಸ್ ಮುಂತಾದವರ ಜೊತೆ 1980ರ ದಶಕದಲ್ಲಿ ಬೆಂಗಳೂರು, ಮೈಸೂರಿನಲ್ಲಿ ನಡೆಸಿದ ಅಧ್ಯಯನದಲ್ಲಿ ಸುಮಾರು ಮೂರರಲ್ಲಿ ಒಂದು ಮದುವೆ ರಕ್ತಸಂಬಂಧದ ಒಳಗಿನದಾಗಿತ್ತು. ಆ ಸಂಬಂಧಗಳಲ್ಲಿರುವ ಅಕ್ಕರೆಯನ್ನು, ಆಸರೆಯನ್ನು ನಾನು ಹಗುರಾಗಿ ಕಾಣುವವನಲ್ಲ. ಆದರೆ ಎರಡೂ ಪ್ರತಿ ಕೆಟ್ಟಾಗ ಮಾತ್ರ ಮೈದೋರುವ ಕಾಯಿಲೆಗಳಿಗೆ ಅಲ್ಲಿ ಅವಕಾಶ ಹೆಚ್ಚು, ಸಿಟೊಸ್ಟೆರಾಲೀಮಿಯ ಅಂಥದೇ ಒಂದು. ಅದು ಅಡಗಿಕೊಳ್ಳುವುದೂ ಸುಲಭ. ಮಾಮೂಲಿ ಪ್ರಯೋಗಾಲಯದ ಕೊಲೆಸ್ಟರಾಲ್ ಪರೀಕ್ಷೆ ಸಸ್ಯ ಸ್ಟೆರಾಲನ್ನೂ ಕೊಲೆಸ್ಟರಾಲ್ ಎಂದೇ ಎಣಿಸಿಬಿಡುತ್ತದೆ. ಬೇರೆ ಮಾಡಿ ತೋರಿಸಲು ಗ್ಯಾಸ್ ಕ್ರೊಮಟೋಗ್ರಫಿ ಬೇಕು, ಇಲ್ಲವೇ ವಂಶವಾಹಿ ಪರೀಕ್ಷೆ ಬೇಕು. ಗುರುತಿಸಿದರೆ ಔಷಧವಿದೆ: ಅದೇ ಎಜೆಟಿಮೈಬ್, ಜೊತೆಗೆ ಅವರಿಗೆಂದೇ ಹೊಂದಿಸಿದ ಪಥ್ಯ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದ ನೇತೃತ್ವದಲ್ಲಿ ಜೀನೋಮ್ ಇಂಡಿಯಾ ಯೋಜನೆ ದೇಶದ ಹಲವು ಸಮುದಾಯಗಳ 10,000 ಜನರ ವಂಶವಾಹಿ ಬರಹವನ್ನು ಓದಿದೆ. 2025ರ ಜನವರಿಯಲ್ಲಿ ಆ ಮಾಹಿತಿ ಸಂಶೋಧಕರಿಗೆ ತೆರೆಯಿತು. ಇದರ ಮೇಲೆ ಕಟ್ಟಬೇಕಾದದ್ದು ಬಹಳಿದೆ. ಮುದ್ದೆ ತಿನ್ನುವವರ, ಅವರೆಕಾಳು ತಿನ್ನುವವರ, ತೆಲುಗು ಕನ್ನಡ ಎರಡನ್ನೂ ಒಂದೇ ಉಸಿರಿನಲ್ಲಿ ಆಡುವ ಈ ಬಯಲಿನವರ ರಕ್ತದಲ್ಲಿ ಗಿಡದ ಸ್ಟೆರಾಲ್ ಎಷ್ಟಿದೆ, ಅವರ ಎಬಿಸಿಜಿ ಜೋಡಿ ಎಷ್ಟು ಚುರುಕಾಗಿದೆ ಎಂದು ಅಳೆಯುವ ಕೆಲಸವನ್ನು ನಮ್ಮ ವಿಶ್ವವಿದ್ಯಾಲಯಗಳೂ ಆಸ್ಪತ್ರೆಗಳೂ ಕೈಗೆತ್ತಿಕೊಳ್ಳಬೇಕು. ಹುಳದ ತಳಿಗಳ ಜಾತಕವನ್ನು ಇಷ್ಟು ಶ್ರದ್ಧೆಯಿಂದ ಬರೆದಿಟ್ಟ ನಾಡಿಗೆ ಇದು ಆಗದ ಕೆಲಸವಲ್ಲ.

ಅಲ್ಲಿಯವರೆಗೆ ಓದುಗರಲ್ಲಿ ನನ್ನದು ಎರಡೇ ಕೇಳಿಕೆ. ಯಾವುದೋ ಸುದ್ದಿ ಕೇಳಿ ಸೊಪ್ಪು, ಕಾಳು, ಕಡಲೆಕಾಯಿ ಬಿಡಬೇಡಿ. ಮನೆಯಲ್ಲಿ ಯಾರಿಗಾದರೂ ನಲವತ್ತರ ಆಸುಪಾಸಿನಲ್ಲೇ ಹೃದಯಾಘಾತವಾಗಿದ್ದರೆ, ಅಥವಾ ಮಕ್ಕಳ ಮೊಣಕೈ, ಮೊಣಕಾಲು, ಹಿಮ್ಮಡಿಯ ಮೇಲೆ ಹಳದಿ ಗಂಟುಗಳು ಕಂಡರೆ, ಮಗುವಿಗೇನು ಹೃದಯದ ಕಾಯಿಲೆ ಎಂದು ಸುಮ್ಮನಿರದೆ ವೈದ್ಯರಿಗೆ ತೋರಿಸಿ ರಕ್ತ ಪರೀಕ್ಷೆ ಮಾಡಿಸಿ, ಸಸ್ಯ ಸ್ಟೆರಾಲಿನ ಮಾತನ್ನೂ ಅವರ ಮುಂದೆ ಎತ್ತಿ.